ಮೆಣಸಿನಕಾಯಿ ತರುವ ದಿನ

ಶಿವರಾತ್ರಿ ಮುಗಿದು ಹೋಳಿ ಹುಣ್ಣಿಮೆಗೆ ಇನ್ನೂ ಎಂಟು ದಿನ ಇದೆ ಎನ್ನುವಾಗ ನಾವು ಬ್ಯಾಡಗಿಗೆ ಹೋಗುತ್ತೇವೆ. ನಾವು ಎಂದರೆ ನಾನು ಮತ್ತು ಜರೀನಾ. ಹಾವೇರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನಾನು ಕನ್ನಡ ಕಲಿಸುತ್ತೇನೆ, ಅವಳು ಹಿಂದಿ. ವರ್ಷದ ಖಾರದಪುಡಿಗೆ ಬೇಕಾದ ಮೆಣಸಿನಕಾಯಿಯನ್ನು ನಮ್ಮ ಮನೆಯಲ್ಲಿ ಹೆಂಗಸರೇ ಹೋಗಿ ತರಬೇಕು. ಗಂಡಸರು ಬರೀ ಬಣ್ಣ ನೋಡಿ ಮೋಸ ಹೋಗುತ್ತಾರೆ ಎಂದು ನಮ್ಮ ಅತ್ತೆ ವೆಂಕೂಬಾಯಿ ಹೇಳುತ್ತಿದ್ದರು. ಕಾಯಿ ಮುರಿದು ಮೂಸಬೇಕು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ಬೀಜ ಎಷ್ಟಿದೆ ಎಂದು ಕೇಳಬೇಕು, ಹತ್ತು ಅಂಗಡಿ ತಿರುಗಬೇಕು. ಅದಕ್ಕೆ ಇಡೀ ಒಂದು ದಿನ ಬೇಕು. ಆ ದಿನ ಎಲ್ಲಿದ್ದೆ, ಯಾಕೆ ತಡವಾಯಿತು ಎಂದು ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಹನ್ನೆರಡು ವರ್ಷಗಳಿಂದ ನಾವು ಆ ದಿನವನ್ನು ಕದಿಯುತ್ತಿದ್ದೆವು.

ಬ್ಯಾಡಗಿಯಲ್ಲಿ ಜರೀನಾಳ ಚಿಕ್ಕಪ್ಪನ ಮಗ ಮುನಾಫನ ಮೆಣಸಿನಕಾಯಿ ಅಂಗಡಿ ಇದೆ. ವಾರ ಮೊದಲೇ ಅವಳು ಅವನಿಗೆ ಫೋನ್ ಮಾಡಿ, ಬಣ್ಣಕ್ಕೆ ದಪ್ಪನೆಯ ಡಬ್ಬಿ ಕಾಯಿ ಇಷ್ಟು, ಉದ್ದನೆಯ ಕಡ್ಡಿ ಕಾಯಿ ಇಷ್ಟು ಎಂದು ಹೇಳಿಬಿಡುತ್ತಾಳೆ. ಅವನು ಆರಿಸಿ, ಚೀಲ ಹೊಲಿದು ಇಟ್ಟಿರುತ್ತಾನೆ. ನಾವು ಹಾವೇರಿಯಿಂದ ನೇರ ರಾಣೇಬೆನ್ನೂರಿಗೆ ಹೋಗಿ, ಸಂಜೆ ಬ್ಯಾಡಗಿಯಲ್ಲಿ ಇಳಿದು ಚೀಲ ಎತ್ತಿಕೊಂಡು ಮನೆಗೆ ಬರುತ್ತೇವೆ. ನಡುವಿನ ಆರು ತಾಸು ನಮ್ಮದು.

ನನ್ನ ಗಂಡ ಋಷಿಕೇಶ ವಕೀಲರು. ಕೆಟ್ಟವರಲ್ಲ. ಕೇಳಿದ್ದರೆ 'ಹೋಗಿ ಬಾ' ಎನ್ನುತ್ತಿದ್ದರೇನೋ. ಆದರೆ ಮದುವೆಯಾದಾಗಿನಿಂದ ನಾನು ಕಂಡ ಸಿನಿಮಾ, ಹೋದ ತವರು, ಉಟ್ಟ ಸೀರೆ ಎಲ್ಲವೂ ಕೇಳಿ ಪಡೆದವೇ. ಯಾರನ್ನೂ ಕೇಳದೆ ನನ್ನದಾಗಿದ್ದುದು ವರ್ಷಕ್ಕೆ ಈ ಒಂದು ದಿನ. ಉಳಿದ ದಿನಗಳಲ್ಲಿ ಪಾತ್ರೆ ತೊಳೆಯುವಾಗ ನನಗೆ ನಾನೇ ಅದನ್ನು ನೆನೆಸಿಕೊಂಡು ನಗುತ್ತಿದ್ದೆ.

ಈ ವರ್ಷವೂ ಹಾಗೆಯೇ ಹೊರಟೆವು. ಬಸ್ಸಿನ ಕಿಟಕಿಯ ಹೊರಗೆ ಹೊಂಗೆ ಮರಗಳು ಹೊಸ ಎಲೆ ಬಿಟ್ಟು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿದ್ದವು. ರಾಣೇಬೆನ್ನೂರಿನಲ್ಲಿ ಇಳಿದವರೇ ಮೊದಲು ಮಿರ್ಚಿ ಭಜಿಯ ಗಾಡಿಯ ಮುಂದೆ ನಿಂತೆವು. ವಕೀಲರ ಹೆಂಡತಿ ರಸ್ತೆಯಲ್ಲಿ ನಿಂತು, ಬಾಯಿ ಸುಟ್ಟುಕೊಳ್ಳುತ್ತ, ಕಾಗದದ ಮೇಲಿನ ಮಿರ್ಚಿ, ಮಂಡಕ್ಕಿ ತಿನ್ನುವುದನ್ನು ಹಾವೇರಿಯಲ್ಲಿ ಯಾರೂ ಕಂಡಿಲ್ಲ.

"ಇನ್ನೊಂದು ಹಾಕ್ರಿ," ಎಂದೆ ಗಾಡಿಯವಳಿಗೆ.

"ನಾಲ್ಕ ಆದುವು," ಎಂದಳು ಜರೀನಾ. "ನಾಳೆ ಎದಿ ಉರಿ ಅಂತ ಸ್ಟಾಫ್ ರೂಮಿನ್ಯಾಗ ನನ್ನ ಕಡೆ ಗುಳಿಗಿ ಕೇಳಬ್ಯಾಡ ಮತ್ತ."

"ಉರಿದ್ರ ಉರೀಲಿ. ವರ್ಷಕ್ಕ ಒಮ್ಮೆ ಉರೀತದ."

ಗಾಡಿಯವಳು ನಕ್ಕು, ಕೇಳದೆಯೇ ಒಂದು ಹಿಡಿ ಹೆಚ್ಚಿದ ಉಳ್ಳಾಗಡ್ಡಿ ಸುರಿದಳು.

ಆಮೇಲೆ ಬಟ್ಟೆ ಅಂಗಡಿಗಳು. ಒಂದರಲ್ಲಿ ರವಿಕೆ ಹೊಲಿಸಲು ಕುಬ್ಬಸದ ಕಣ ನೋಡುತ್ತ ಕುಳಿತು ಅಂಗಡಿಯವನಿಂದ ಇಪ್ಪತ್ತು ಮೂವತ್ತು ಬಿಚ್ಚಿಸಿದೆವು. ಕೊನೆಗೆ ಜರೀನಾ ಒಂದು ಹಸಿರು ಕಣ ಎತ್ತಿಕೊಂಡಾಗ ಅವನು, "ಅಕ್ಕಾರ, ಇದು ಮೊದಲ ತಗದದ್ದು ನೋಡ್ರಿ," ಎಂದ ಅಳುದನಿಯಲ್ಲಿ. "ಅದಕ್ಕ ಉಳದುವು ನೋಡಬೇಕಿತ್ತಪಾ, ಇಲ್ಲಾಂದ್ರ ಇದು ಛಲೋ ಐತಿ ಅಂತ ಹ್ಯಾಂಗ ಗೊತ್ತಾಗಬೇಕು?" ಎಂದಳು ಅವಳು. ಬಳೆ ಅಂಗಡಿಯಲ್ಲಿ ಅಜ್ಜಿಯೊಬ್ಬಳು ನನ್ನ ಕೈ ಹಿಸುಕಿ ಹಿಸುಕಿ ಕೆಂಪು ಗಾಜಿನ ಬಳೆ ಏರಿಸಿದಳು. ಮಧ್ಯಾಹ್ನ ಖಾನಾವಳಿಯಲ್ಲಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆನೆ ಮೊಸರು, ಶೇಂಗಾ ಚಟ್ನಿ ಉಂಡೆವು. ಯಾರೋ ಮಾಡಿ, ಯಾರೋ ಬಡಿಸಿ, 'ಇನ್ನೊಂದು ರೊಟ್ಟಿ ಹಾಕಸ್ಕೋರಿ' ಎನ್ನುವುದನ್ನು ಕೇಳುತ್ತ ಕೂತಿರುವುದೇ ನನಗೆ ಅರ್ಧ ಊಟ.

ಊಟವಾದ ಮೇಲೆ ಯೂಸುಫಸಾಬರ ಅಂಗಡಿಗೆ ಹೋದೆವು. ಈ ದಿನದ ತಿರುಳು ಅದು.

ಯೂಸುಫಸಾಬರು ಹಾರ್ಮೋನಿಯಂ ಪೇಟಿ, ತಬಲಾ ರಿಪೇರಿ ಮಾಡುತ್ತಾರೆ. ಎಪ್ಪತ್ತು ದಾಟಿದ್ದಾರೆ. ಬಿಚ್ಚಿಟ್ಟ ಪೇಟಿಗಳು, ತೊಗಲು, ಅಂಟಿನ ವಾಸನೆ, ಇವುಗಳ ನಡುವೆ ಎರಡು ಚಾಪೆ ಹಾಸುವಷ್ಟು ಜಾಗ. ಹನ್ನೆರಡು ವರ್ಷಗಳ ಹಿಂದೆ ಶಾಲೆಯ ಹಾರ್ಮೋನಿಯಂ ಹೊತ್ತುಕೊಂಡು ಬಂದವರು ನಾವು. ದುರಸ್ತಿಯಾದ ಸ್ವರ ಸರಿಯಿದೆಯೇ ನೋಡಲು ಅವರು ಒಂದು ಆಲಾಪ ನುಡಿಸಿದಾಗ ನನಗೆ ಗೊತ್ತಿಲ್ಲದೆಯೇ ನಾನು ದನಿಗೂಡಿಸಿದ್ದೆ. ಆವತ್ತಿನಿಂದ ಪ್ರತಿ ವರ್ಷ ಅಲ್ಲಿ ಒಂದು ತಾಸು ಹಾಡುತ್ತೇನೆ.

ತವರಿನಲ್ಲಿ ಹನ್ನೊಂದು ವರ್ಷ ಕಲಿತ ಹಾಡು ಅದು. ಮದುವೆಯಾದ ಹೊಸತರಲ್ಲಿ ಒಂದು ಬೆಳಿಗ್ಗೆ ಹೂ ಕಟ್ಟುತ್ತ ಗುನುಗುತ್ತಿದ್ದೆ. ವೆಂಕೂಬಾಯಿ ಅಡುಗೆಮನೆಯಿಂದಲೇ, "ನಮ್ಮ ಮನ್ಯಾಗ ಹಾಡೋದು ದೇವರ ಮುಂದ ಇಷ್ಟ," ಎಂದರು. ಗಂಡ ಅಲ್ಲೇ ಕುಳಿತು ಪೇಪರ್ ಓದುತ್ತಿದ್ದರು. ಒಂದು ಮಾತು ಆಡಲಿಲ್ಲ. ಆ ಒಂದು ಮಾತಿಗಾಗಿ ನಾನು ಬಹಳ ವರ್ಷ ಕಾದೆ. ಅತ್ತೆ ತೀರಿಕೊಂಡು ಐದು ವರ್ಷವಾದರೂ ಆ ಮಾತು ಬರಲಿಲ್ಲ. ನನಗೆ ಹಾಡಲು ಬರುತ್ತದೆ ಎಂಬುದನ್ನೇ ಅವರು ಮರೆತಿದ್ದಾರೆ ಎಂದು ತಿಳಿದು ಸುಮ್ಮನಾದೆ.

"ಬರ್ರಿ ಟೀಚರ್ರ," ಎಂದರು ಯೂಸುಫಸಾಬರು. "ಈ ಸಲ ತಡಾ ಮಾಡಿದ್ರಿ. ಕೋಗಿಲ ನಿಮಗಿಂತ ಹದಿನೈದ ದಿನ ಮೊದಲ ಬಂದು ಹಾಡಿ ಹೋತು."

"ಅದಕ್ಕ ಶಾಲಿ ಇಲ್ಲ, ಪರೀಕ್ಷಾ ಪೇಪರ್ ಇಲ್ಲ," ಎಂದೆ.

ಬಸಂತ್ ಹಾಡಿದೆ. ಅದು ರಾತ್ರಿಯ ರಾಗ, ಆದರೆ ಈ ಋತುವಿನಲ್ಲಿ ಯಾವ ಹೊತ್ತಿಗೆ ಹಾಡಿದರೂ ನಡೆಯುತ್ತದೆ. ದನಿ ಮೊದಲು ಒಡೆಯಿತು. ಯೂಸುಫಸಾಬರು ಪೇಟಿಯ ಮೇಲೆ ಅದೇ ಸ್ವರವನ್ನು ಹಿಡಿದು ನಿಂತರು, ಅವಸರವಿಲ್ಲದವರಂತೆ. ಮೂರನೆಯ ಸಲಕ್ಕೆ ಮೇಲಿನ ಷಡ್ಜ ತಾನಾಗಿ ಬಂದು ನಿಂತಿತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ಬಾಗಿಲಿನಲ್ಲಿ ತಡೆದು ನಿಂತಿದ್ದರು. ಜರೀನಾ ಫೋನನ್ನು ತಬಲಾದ ಡಗ್ಗಕ್ಕೆ ಆನಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳು. ನಾಲ್ಕು ವರ್ಷಗಳಿಂದ ಅವಳಿಗೆ ಇದೊಂದು ಚಟ. ಅಡುಗೆ ಮಾಡುವಾಗ ಕೇಳುತ್ತೇನೆ ಎನ್ನುತ್ತಿದ್ದಳು.

ನಾಲ್ಕೂವರೆಗೆ ಬ್ಯಾಡಗಿಯಲ್ಲಿ ಇಳಿದೆವು. ಊರಿಗೆ ಊರೇ ಘಾಟು. ಇಳಿದ ಕೂಡಲೇ ಇಬ್ಬರೂ ಸೀನಿದೆವು. ಅಂಗಡಿಯಲ್ಲಿ ಮುನಾಫ ಎರಡು ಚೀಲ ಎತ್ತಿ ಎರಡೂ ಹೆಗಲಿಗೆ ಹಾಕಿಕೊಂಡ.

"ಇಲ್ಲಿ ಕೊಡಪಾ, ನಂದು ನಾ ಒಯ್ತೀನಿ," ಎಂದೆ.

"ಬ್ಯಾಡ್ರಿ ಅಕ್ಕಾರ, ಸರ್ ನನ್ನ ಬೈತಾರ. ಮುಂಜಾನೆನ ಫೋನ್ ಮಾಡಿದ್ರು. 'ಅವರು ರಾಣೇಬೆನ್ನೂರ ಮುಗಿಸ್ಕೊಂಡ ಸಂಜಿಮುಂದ ಬರ್ತಾರ, ಆಕೀಗಿ ಸೊಂಟ ನೋವದ, ಬಸ್ಸಿನ ತನಕ ಚೀಲ ನೀನ ಹೊತ್ತು ಕೊಡು' ಅಂದಾರ."

"ಯಾವ ಸರ್?"

"ನಿಮ್ಮ ವಕೀಲ ಸರ್ರಿ ಮತ್ತ," ಎಂದು ನಕ್ಕ. "ಪ್ರತಿ ವರ್ಷಾ ಮಾಡ್ತಾರಲ್ರಿ. ನಿಮಗ ಗೊತ್ತಿಲ್ಲೇನು?"

ನಾನು ಜರೀನಾಳ ಕಡೆ ನೋಡಿದೆ. ಅವಳು ಮುನಾಫನ ಕಡೆ ನೋಡುತ್ತಿದ್ದಳು. ಆ ನೋಟ ಸಾಕಿತ್ತು. ಮುನಾಫನ ನಗು ನಿಂತಿತು. ಬಸ್ ನಿಲ್ದಾಣದ ತನಕ ಅವನು ಮುಂದೆ ಮುಂದೆ ನಡೆದ, ಚೀಲ ಇಳಿಸಿ ಹೋಗಿಬಿಟ್ಟ.

"ಎಂದಿನಿಂದ?" ಎಂದೆ.

"ಪದ್ಮಾ, ಇಲ್ಲಿ ಬ್ಯಾಡ."

"ಎಂದಿನಿಂದ ಜರೀನಾ?"

"ಮೊದಲನೇ ವರ್ಷದಿಂದ." ಅವಳು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡಳು. "ಹೋಗೂಕಿಂತ ಮೊದಲ ನಾನ ಅವರ ಆಫೀಸಿಗೆ ಹೋಗಿ ಹೇಳಿದೆ. ನಕ್ಕರು. 'ಆಕೀಗಿ ಗೊತ್ತಾಗೋದು ಬ್ಯಾಡ, ಕದ್ದು ಹೋಗೇನಿ ಅಂತ ಖುಷಿ ಇರ್ಲಿ' ಅಂದ್ರು."

ಹನ್ನೆರಡು ಸಂಜೆಗಳು ಒಟ್ಟಿಗೆ ನನ್ನ ಮುಂದೆ ಬಂದವು. ಪ್ರತಿ ವರ್ಷ ನಾನು ಮನೆಗೆ ಬಂದ ಕೂಡಲೇ ಗಂಡ 'ಹ್ಯಾಂಗಿತ್ತು ಪ್ಯಾಟಿ?' ಎಂದು ಕೇಳುತ್ತಿದ್ದರು. ನಾನು ಕಾಣದ ರಾಶಿಗಳನ್ನು ವರ್ಣಿಸುತ್ತಿದ್ದೆ. ತಿರುಗದ ಅಂಗಡಿಗಳಲ್ಲಿ ಚೌಕಾಸಿ ಮಾಡುತ್ತಿದ್ದೆ. ಒಂದು ವರ್ಷ, ಮೆಣಸಿನಕಾಯಿ ಚೀಲದ ಮೇಲೆ ಜಾರಿ ಬಿದ್ದ ದಲಾಲನೊಬ್ಬನನ್ನು ಸೃಷ್ಟಿಸಿ, ಅವನು ಎದ್ದು ನಿಂತ ರೀತಿಯನ್ನು ಅಭಿನಯಿಸಿ ತೋರಿಸಿದ್ದೆ. ಅವರು ಕೈಯಲ್ಲಿ ಚಹಾ ಹಿಡಿದು, 'ಹೌದಾ? ಆಮ್ಯಾಲ?' ಎನ್ನುತ್ತ ಕೇಳಿದ್ದರು. ಪಾಪ, ಎಷ್ಟು ಸಲೀಸಾಗಿ ನಂಬುತ್ತಾರೆ ಎಂದು ನನಗೆ ಅವರ ಮೇಲೆ ಕರುಣೆ ಬರುತ್ತಿತ್ತು.

"ನನಗ್ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಬರ್ತಿದ್ದೇನು?" ಅವಳ ದನಿಯೂ ಏರಿತು. "ನೀ ಸಿಕ್ಕಿಬಿದ್ರ ಮನ್ಯಾಗ ಎರಡ ದಿನ ಮಾತ ಬಿಡ್ತಿದ್ರು, ಅಷ್ಟ. ನಾ ಸಿಕ್ಕಿಬಿದ್ರ? ವಕೀಲರ ಹೆಂಡತೀನ ಆ ಜರೀನಾ ಊರೂರು ತಿರುಗಿಸಿ ಕೆಡಿಸ್ಯಾಳ ಅಂತ ನಿಮ್ಮತ್ತಿ ಶಾಲಿ ತನಕ ಬರ್ತಿದ್ರು. ನನ್ನ ನೌಕರಿ ಏನಾಗ್ತಿತ್ತು? ಇದನ್ನ ಒಮ್ಮೆರೆ ವಿಚಾರ ಮಾಡೀಯೇನು ನೀ?"

ಮಾಡಿರಲಿಲ್ಲ. ಅವಳು ಹೇಳಿದ್ದು ಖರೆಯಾಗಿತ್ತು. ಖರೆ ಆಗಿದ್ದಕ್ಕೇ ನನ್ನ ಸಿಟ್ಟಿಗೆ ನಿಲ್ಲಲು ನೆಲವೇ ಇಲ್ಲದಂತಾಯಿತು. ಅವಳಿಗೆ ಹೆದರಿಕೆ ಇತ್ತು, ಸರಿ. ಆದರೆ ಹನ್ನೆರಡು ವರ್ಷ, ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಕುಳಿತು, 'ಈ ಸಲ ಏನ ಸುಳ್ಳು ಹೇಳ್ತಿ?' ಎಂದು ನನ್ನಿಂದ ಸುಳ್ಳು ಹೆಣೆಸಿ, ಅದರಲ್ಲಿ ತಪ್ಪು ತಿದ್ದಿ ಕಳಿಸಿದವಳೂ ಇವಳೇ.

ಆಗ ಇನ್ನೊಂದು ಹೊಳೆಯಿತು. ಕೇಳಬಾರದು ಎಂದುಕೊಂಡೆ. ಕೇಳಿದೆ.

"ರೆಕಾರ್ಡ್ ಮಾಡ್ತೀಯಲ್ಲ ಹಾಡು, ಅದು?"

ಜರೀನಾ ಕೈಯಲ್ಲಿದ್ದ ಫೋನನ್ನು ಬ್ಯಾಗಿನೊಳಗೆ ತುರುಕಿದಳು.

"ಅದನ್ನೂ ಕಳಸ್ತೀಯೇನು ಅವರಿಗೆ?"

"ಅವರ ಕೇಳಿದ್ರು ಪದ್ಮಾ. ನಾಕ ವರ್ಷದ ಹಿಂದ ನಾ ಬಾಯಿ ತಪ್ಪಿ, ನೀ ಹಾಡತಿ ಅಂತ ಅಂದೆ. 'ಕಳಸ್ರಿ' ಅಂದ್ರು. ಆ ಮ್ಯಾಲೆ ಪ್ರತಿ ವರ್ಷಾ ಕಳಸೇನಿ."

"ಕೇಳಿ ಏನಂದ್ರು?"

"ಏನೂ ಅನ್ನಲಿಲ್ಲ."

"ಒಂದ ಸಲಾನೂ?"

"ವಾಟ್ಸಾಪಿನ್ಯಾಗ ಎರಡು ನೀಲಿ ಗೆರಿ ಬರ್ತಾವಲ್ಲ, ನೋಡ್ಯಾರ ಅಂತ ತೋರಿಸಾಕ. ಅಷ್ಟ."

ಬಸ್ಸು ಬಂತು. ಹತ್ತಿ ಕುಳಿತೆವು. ಹೊಲಗಳಲ್ಲಿ ಒಣಹಾಕಿದ ಮೆಣಸಿನಕಾಯಿಯ ಕೆಂಪು ಹಾಸು ಹಿಂದೆ ಹಿಂದೆ ಸರಿಯುತ್ತಿತ್ತು. ಅವಳು ಏನೋ ಹೇಳುತ್ತಿದ್ದಳು. ತಪ್ಪಾಯಿತು ಎಂದಳು, ಆಮೇಲೆ ನನ್ನದೇನು ತಪ್ಪು ಎಂದಳು, ಆಮೇಲೆ ಅತ್ತಳು. ಮೋಟೆಬೆನ್ನೂರಿನಲ್ಲಿ ಬಸ್ಸು ಹೆದ್ದಾರಿ ಸೇರುವಾಗ ಯಾರೋ ಇಳಿಯಲು ಎದ್ದರು. ನಾನೂ ಎದ್ದೆ.

"ಎಲ್ಲಿಗೆ? ಇಲ್ಲೇನೈತಿ?"

"ಏನೂ ಇಲ್ಲ. ನನ್ನ ಚೀಲ ನೀ ಒಯ್ಯಿ."

"ಹುಚ್ಚಿ ಆಗೀಯೇನ? ನಾನೂ ಇಳೀತೇನಿ ತಡಿ."

"ನೀ ಇಳಿದ್ರ ನಾ ಎಂದೂ ನಿನ್ನ ಕೂಡ ಮಾತಾಡಂಗಿಲ್ಲ ಜರೀನಾ."

ಅವಳು ಕುಳಿತಳು. ಬಸ್ಸು ಹೋಯಿತು.

ನಿಲ್ದಾಣದ ಕಲ್ಲಿನ ಮೇಲೆ ಕುಳಿತೆ. ಎದುರಿಗೆ ಕಬ್ಬಿನ ಹಾಲಿನ ಗಾಡಿ, ಗೆಜ್ಜೆ ಕಟ್ಟಿದ ಗಾಲಿ ತಿರುಗಿದಾಗಲೆಲ್ಲ ಝಲ್ ಎನ್ನುತ್ತಿತ್ತು. ಈಗ ನಾನು ಎಲ್ಲಿದ್ದೇನೆ ಎಂದು ಜರೀನಾಳೊಬ್ಬಳನ್ನು ಬಿಟ್ಟರೆ ಯಾರಿಗೂ ತಿಳಿಯದು. ಅವಳು ಇಷ್ಟನ್ನಾದರೂ ತನ್ನಲ್ಲಿ ಇಟ್ಟುಕೊಂಡರೆ ಸಾಕು, ಉಳಿದದ್ದನ್ನೆಲ್ಲ ಹೇಗೋ ನುಂಗಿಕೊಳ್ಳುತ್ತೇನೆ ಎನಿಸಿತು. ಫೋನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಹತ್ತು ನಿಮಿಷವೂ ಆಗಿರಲಿಲ್ಲ. ಈ ದಿನ ಎಂದೂ ಫೋನ್ ಮಾಡದ ಗಂಡ ಫೋನ್ ಮಾಡಿದರು.

"ಎಲ್ಲಿದ್ದೀ?"

"ಬ್ಯಾಡಗ್ಯಾಗ. ಮೆಣಸಿನಕಾಯಿ ಆರಸಲಿಕ್ಕತ್ತೀನಿ."

ಒಂದು ಲಾರಿ ಹಾರ್ನ್ ಹೊಡೆಯುತ್ತ ನನ್ನ ಮುಂದೆಯೇ ಹಾದುಹೋಯಿತು. ಅವರಿಗೂ ಕೇಳಿಸಿರಬೇಕು.

"ಆತು," ಎಂದರು ತಡೆದು. "ಅಲ್ಲೇ ನೆಳ್ಳಾಗ ಕೂಡು. ನಾ ಗಾಡಿ ತೊಗೊಂಡು ಬರ್ತೀನಿ."

"ಎಲ್ಲಿಗೆ ಬರ್ತೀರಿ?"

ಜರೀನಾ ಇದನ್ನೂ ಅವರಿಗೆ ಹೇಳಿಬಿಟ್ಟಿದ್ದಳು. ಅವರೇ ಹೇಳಲಿ ಎಂದು ಕಾದೆ. ನನಗೆಲ್ಲ ಗೊತ್ತಿತ್ತು ಎಂದೊಮ್ಮೆ ಅವರ ಬಾಯಿಂದ ಬಂದಿದ್ದರೆ, ನಾನು ಅಲ್ಲೇ ಅತ್ತುಬಿಡುತ್ತಿದ್ದೆ. ಜಗಳವಾಡಿ ಅವರ ಗಾಡಿಯಲ್ಲೇ ಮನೆಗೆ ಹೋಗುತ್ತಿದ್ದೆ.

"ಹಾಡು ಹ್ಯಾಂಗಿತ್ತು?" ಎಂದೆ.

"ಯಾವ ಹಾಡು?" ಎಂದರು.

ದನಿ ಒಂದಿಷ್ಟೂ ಕದಲಲಿಲ್ಲ. ಕೋರ್ಟಿನಲ್ಲಿ ಮೂವತ್ತು ವರ್ಷ ಪಳಗಿದ ದನಿ. ನಾನು ಫೋನ್ ಇಟ್ಟೆ, ಆಮೇಲೆ ಅದನ್ನು ಬಂದ್ ಮಾಡಿದೆ.

ಹಾವೇರಿಯಿಂದ ಗಾಡಿಯಲ್ಲಿ ಬರಲು ಅರ್ಧ ತಾಸೂ ಬೇಡ. ರಸ್ತೆಯ ಆ ಬದಿಗೆ ಒಂದು ಬಸ್ಸು ನಿಂತಿತ್ತು. ಬ್ಯಾಡಗಿ ಮೇಲೆ ಕಾಗಿನೆಲೆಗೆ ಹೋಗುವುದು. ದಾಟಿ ಹೋಗಿ ಹತ್ತಿದೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ, "ಹಾವೇರಿಯವರಲ್ರಿ ನೀವು? ಈ ಬಸ್ಸು ಉಲ್ಟಾ ಹೊಂಟೈತಿ," ಎಂದ. "ಗೊತ್ತದ," ಎಂದೆ.

ಕಿಟಕಿಯ ಪಕ್ಕ ಕುಳಿತೆ. ಖುಷಿಯೇನೂ ಆಗಲಿಲ್ಲ. ನಾಲ್ಕು ವರ್ಷ, ನಾಲ್ಕು ಹಾಡು. ಆಫೀಸಿನ ಬಾಗಿಲು ಮುಂದೆ ಮಾಡಿಕೊಂಡು ಕೇಳಿದರೋ, ಗಾಡಿಯಲ್ಲಿ ಕುಳಿತು ಕೇಳಿದರೋ, ಪೂರ್ತಿ ಕೇಳಿದರೋ ಅರ್ಧಕ್ಕೇ ಬಿಟ್ಟರೋ. ಕೇಳಿದ ಆ ಸಂಜೆಗಳಲ್ಲೂ ಅವರು ಮನೆಗೆ ಬಂದು, ಕೈಕಾಲು ತೊಳೆದು, ನನ್ನೆದುರು ಊಟಕ್ಕೆ ಕುಳಿತಿದ್ದರು. ಸಾರಿಗೆ ಉಪ್ಪು ಕಡಿಮೆ ಆಗಿದೆ ಎಂದಿದ್ದರು. ನಾನು ಎದ್ದು ಹೋಗಿ ಉಪ್ಪು ತಂದುಕೊಟ್ಟಿದ್ದೆ.