ಬದಿಗಿಟ್ಟ ಬೇಳೆ

“ಇನ್ನೊಂಚೂರು ಎತ್ತು, ಬೆನ್ನಿನಡಿ ನೀರು ಹೋಗ್ಲಿ,” ಎಂದರು ಹಾಜಾ ಬತೂಲ್.

ರಿಹಾಬ್ ಅಕ್ಕನ ಭುಜದಡಿ ಕೈ ಕೊಟ್ಟು ಎತ್ತಿದಳು. ಬೇಕಾದ್ದಕ್ಕಿಂತ ಮೇಲೇ ಎತ್ತಿಬಿಟ್ಟಳು. ಸಿತ್ತಾನಾಳ ಮೈ ಅಷ್ಟು ಹಗುರಾಗಿತ್ತು.

ಹಜ್ ಯಾತ್ರೆ ಮಾಡಿಬಂದು ‘ಹಾಜಾ’ ಎನಿಸಿಕೊಂಡ, ಕೋಸ್ತಿ ಊರಿನ ಎಷ್ಟೋ ಹೆಂಗಸರಿಗೆ ಕೊನೆಯ ಸ್ನಾನ ಮಾಡಿಸಿದ ಬತೂಲ್ ಕೂಡ ಒಂದು ಗಳಿಗೆ ಕೈ ನಿಲ್ಲಿಸಿದರು. “ಊರಿಗೆಲ್ಲ ಉಣ್ಣಿಸಿದವಳ ಪಕ್ಕೆನಾ ಇದು? ಮನೇಲಿದ್ದೋರು ನೋಡ್ಲಿಲ್ವೇನೇ?”

“ಹೇಳಿದ್ರೆ ಕೇಳ್ತಿರ್ಲಿಲ್ಲ, ಹಾಜಾ.”

ಅದು ಸುಳ್ಳು. ರಿಹಾಬ್ ಒಂದು ಸಲವೂ ಹೇಳಿರಲಿಲ್ಲ.

ಪರದೆಯಾಚೆ ಅಂಗಳದಲ್ಲಿ ಗಂಡಸರು ಸೇರಿದ್ದರು. ದಿನಸಿ ವ್ಯಾಪಾರಿ ಶಾಜಲಿಯ ದನಿ ಎಲ್ಲರಿಗಿಂತ ಮೇಲೆ ಕೇಳುತ್ತಿತ್ತು. “ನನ್ನಂಗಡಿ ಬಾಗಿಲಲ್ಲೇ ಕೂತ್ಬಿಡೋಳು. ಗಿರಾಕಿ ಒಳಗೆ ಬರೋ ಹಾಗಿಲ್ಲ. ‘ಸಿತ್ತಾನಾ, ಏಳಮ್ಮ’ ಅಂದ್ರೆ, ‘ನಿನ್ನ ಮೂರು ಹೆಣ್ಮಕ್ಕಳೂ ಇಸ್ಕೂಲಲ್ಲಿ ನನ್ನ ಹುರುಳಿಕಾಯಿ ಬೀಜ ತಿಂದೇ ಬೆಳೆದದ್ದು. ಒಂದು ಮೂಟೆ ಬೇಳೆ ಕೊಡು, ಏಳ್ತೀನಿ’ ಅನ್ನೋಳು. ಕೊಡದೆ ಏನ್ಮಾಡ್ಲಿ?”

ಯಾರೋ ಮೆಲ್ಲನೆ ನಕ್ಕರು.

ಅಷ್ಟರಲ್ಲಿ ಪರದೆ ಸರಿಸಿಕೊಂಡು ಒಬ್ಬ ಹೆಂಗಸು ಒಳಬಂದು ಬಾಗಿಲಲ್ಲೇ ನಿಂತಳು. ಯುದ್ಧಕ್ಕೆ ಹೆದರಿ ಪಶ್ಚಿಮದ ನ್ಯಾಲಾ ಕಡೆಯಿಂದ ಓಡಿಬಂದಿದ್ದ ಕಲ್ತೂಮಾ. ರಿಹಾಬ್ ಮುಖ ತಗ್ಗಿಸಿ ತಂಬಿಗೆಗೆ ನೀರು ತುಂಬಿಕೊಂಡಳು.

“ನಾನೊಂದು ಸಲ ನೀರು ಹಾಕ್ಬಹುದಾ?” ಎಂದು ಕಲ್ತೂಮಾ ಬತೂಲ್‌ರನ್ನು ಕೇಳಿದಳು. “ಇವಳಿಗೆ ಶಾಪ ಹಾಕಿದ್ದೆ. ಮಣ್ಣಿಗೆ ಹೋಗೋ ಮೊದಲು ಅದನ್ನ ವಾಪಸ್ ತಗೋಬೇಕು.”

“ಬಾ ತಾಯಿ. ಬಲಗಡೆಯಿಂದ ಹಾಕು.”

ಕಲ್ತೂಮಾ ರಿಹಾಬಳ ಕೈಯಿಂದಲೇ ತಂಬಿಗೆ ತೆಗೆದುಕೊಂಡಳು.

*

ಇಪ್ಪತ್ತಾರು ವರ್ಷ ಸಿತ್ತಾನಾ ಹೆಣ್ಣುಮಕ್ಕಳ ಶಾಲೆಯ ಗೇಟಿನ ಬಳಿ ಬೇಯಿಸಿದ ಬೀಜ, ರೊಟ್ಟಿ ಮಾರಿಕೊಂಡು ಬದುಕಿದವಳು. ಯುದ್ಧ ಶುರುವಾಗಿ ಖಾರ್ತೂಮಿನಿಂದ ಬಸ್ಸುಗಟ್ಟಲೆ ಜನ ಬಂದರು. ಶಾಲೆ ಮುಚ್ಚಿ, ತರಗತಿಗಳಲ್ಲಿ ಸಂಸಾರಗಳು ಇಳಿದವು. ಮೊದಲನೇ ದಿನವೇ ಅವಳು ತನ್ನ ಎರಡು ದೊಡ್ಡ ಪಾತ್ರೆಗಳನ್ನು ಗೇಟಿನ ಒಳಕ್ಕೆ ಉರುಳಿಸಿಕೊಂಡು ಹೋದಳು. “ಹೊರಗೆ ಕೂತು ಯಾರಿಗೆ ಮಾರ್ಲಿ?” ಎಂದಳು, ಅಷ್ಟೇ. ಗಂಡ ಎಲ್ಲಿದ್ದಾನೆಂದೇ ತಿಳಿಯದ ತಂಗಿ ರಿಹಾಬ್, ಮೂರು ಮಕ್ಕಳೊಂದಿಗೆ ಬಂದು ಅಕ್ಕನ ಜೊತೆ ಸೌಟು ಹಿಡಿದಳು. ಬಂದವರಿಗೆಲ್ಲ ಪುಕ್ಕಟೆಯಾಗಿ ದಿನಕ್ಕೆ ಒಂದೇ ಊಟ, ಮಧ್ಯಾಹ್ನ: ಬೇಳೆ, ಇಲ್ಲವೇ ಜೋಳದ ಹಿಟ್ಟಿನ ಮುದ್ದೆ.

ಒಂದು ದಿನ ಕೊನೆಯ ಮೂಟೆಯೂ ಮುಗಿದಿತ್ತು. ನಾಳೆಗೆ ಬೇಳೆ ಬೇಡಿ ತರಲು ಸಿತ್ತಾನಾ ಮಾರುಕಟ್ಟೆಗೆ ಹೋದಳು. ಬಡಿಸುವ ಕೆಲಸ ರಿಹಾಬಳದ್ದಾಯಿತು. ನಾಳೆ ಒಲೆ ಹತ್ತದಿದ್ದರೆ ಮಕ್ಕಳಿಗೆ ಏನು ಎಂಬ ಹೆದರಿಕೆಯಲ್ಲಿ ಅವಳು ಒಂದು ಸಣ್ಣ ಪಾತ್ರೆ ಬೇಳೆಯನ್ನು ಬದಿಗಿಟ್ಟು ತಟ್ಟೆ ಮುಚ್ಚಿದಳು. ಸಾಲು ಮುಗಿದು ಗೇಟು ಹಾಕುವಾಗ, ಆಗಷ್ಟೇ ಲಾರಿಯಿಂದ ಇಳಿದ ಕಲ್ತೂಮಾ ಬಂದಳು. ಬೆನ್ನ ಮೇಲೆ ಹೆಣ್ಣುಮಗು.

“ಮುಗೀತಮ್ಮ. ನಾಳೆ ಬಾ.”

“ಮಗೂಗೆ ಮಾತ್ರ ಸಾಕು. ಒಂದು ಸೌಟು.”

“ತಳ ಕೆರೆದಾಯ್ತು. ಬೇಕಾದ್ರೆ ಬಂದು ನೋಡು,” ಎಂದಳು ರಿಹಾಬ್. ಕಲ್ತೂಮಾ ನೋಡಲು ಹೋಗಲಿಲ್ಲ. ಆ ಮಾತು ನಂಬಿ ತಿರುಗಿದಳು.

ಮೂರನೇ ದಿನ ಬರಿಬೆನ್ನಲ್ಲಿ ಬಂದು ಗೇಟು ಹಿಡಿದು ಕೂಗಿದಳು. “ಈ ಅಡುಗೆ ಯಾರದು?”

“ನಂದು,” ಎಂದು ಸಿತ್ತಾನಾ ಹೊರಗೆ ಬಂದಳು.

“ನಿನಗೆ ತುತ್ತು ಇಳಿಯದೆ ಹೋಗ್ಲಿ.”

ಮಗುವಿಗೆ ಮೊದಲೇ ಜ್ವರವಿತ್ತು, ಒಂದು ಸೌಟು ಬೇಳೆಯಿಂದ ಉಳಿಯುತ್ತಿರಲಿಲ್ಲ ಎಂದು ನೆರೆದವರು ಹೇಳಿದರು. ರಿಹಾಬ್ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಸಿತ್ತಾನಾ ಮಾತ್ರ ಒಮ್ಮೆ ತಂಗಿಯತ್ತ ತಿರುಗಿ ನೋಡಿದಳು. ಬೇಳೆ ಬದಿಗಿಟ್ಟ ದಿನದ ಸಂಜೆ ಮನೆಗೆ ಬಂದ ಪಾತ್ರೆಯನ್ನು ಅವಳು ಕಂಡಿದ್ದಳು. ಯಾಕೆ ಎಂದು ಆಗಲೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಅವತ್ತಿನಿಂದ ಎಲ್ಲರದ್ದೂ ಮುಗಿದ ಮೇಲೆ ತಳದಲ್ಲಿ ಉಳಿದದ್ದನ್ನಷ್ಟೇ ತಿನ್ನತೊಡಗಿದಳು. ಹಲವು ದಿನ ತಳದಲ್ಲಿ ಏನೂ ಉಳಿಯುತ್ತಿರಲಿಲ್ಲ. ಅಕ್ಕ ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದುಕೊಳ್ಳುತ್ತಲೇ ರಿಹಾಬ್ ಹದಿನಾಲ್ಕು ತಿಂಗಳು ಕಳೆದಳು. ನಿನ್ನೆ ಒಲೆಗೆ ಸೌದೆ ಒಡ್ಡುತ್ತಿದ್ದ ಸಿತ್ತಾನಾ ಹಾಗೇ ಪಕ್ಕಕ್ಕೆ ವಾಲಿದಳು.

*

ಸಿತ್ತಾನಾಳನ್ನು ಮಲಗಿಸಿದ ಹಗ್ಗದ ಮಂಚ ಹೊತ್ತು ಗಂಡಸರು ಹೊರಟರು. ಹೆಂಗಸರು ಬಾಗಿಲವರೆಗೆ ಬಂದು ನಿಂತರು. ಅಂಗಳದ ಮೂಲೆಯಲ್ಲಿ ಕಲ್ತೂಮಾ ಒದ್ದೆ ಬಟ್ಟೆ ಹಿಂಡುತ್ತಿದ್ದಳು. ರಿಹಾಬ್ ಅವಳೆದುರು ಹೋಗಿ ನಿಂತಳು.

“ಆ ಶಾಪ ಅಕ್ಕನಿಗೆ ತಾಗಬೇಕಾದ್ದಲ್ಲ. ಅವತ್ತು ಗೇಟಲ್ಲಿದ್ದೋಳು ನಾನು.”

“ಗೊತ್ತು. ನಿನ್ನ ಮುಖ ಮರೆತಿಲ್ಲ. ಮುಗಿದಿತ್ತು, ನೀನೇನ್ಮಾಡ್ತೀಯ?”

“ಮುಗಿದಿರ್ಲಿಲ್ಲ.”

ಕಲ್ತೂಮಾ ಹಿಂಡುವುದನ್ನು ನಿಲ್ಲಿಸಿದಳು.

“ಒಂದು ಪಾತ್ರೆ ಬದಿಗಿಟ್ಟಿದ್ದೆ. ನನ್ನ ಮಕ್ಕಳಿಗೆ ಅಂತ. ಅಕ್ಕನಿಗೆ ಆಮೇಲೆ ಗೊತ್ತಾಯ್ತು. ನನ್ನ ಹೆಸರು ಹೇಳ್ಲಿಲ್ಲ.”

ಕಲ್ತೂಮಾ ಕೇಳಿದ್ದು ಒಂದೇ ಮಾತು. “ನಿನ್ನ ಮಕ್ಕಳು ಪೂರ್ತಿ ಉಂಡ್ವಾ?”

ಸುಳ್ಳು ಹೇಳುವುದು ಸುಲಭವಿತ್ತು.

“ಇಲ್ಲ. ಅರ್ಧ ಉಳೀತು. ಸೆಕೆಗೆ ಹಳಸ್ತು. ಮೇಕೆಗೆ ಹಾಕಿದೆ.”

“ಅವಳ ಹೆಸರು ಮಸ್ತೂರಾ,” ಎಂದಳು ಕಲ್ತೂಮಾ. “ಯಾರೂ ಕೇಳ್ಲಿಲ್ಲ.” ಬಟ್ಟೆ ಕೊಡವಿ ಹಗ್ಗಕ್ಕೆ ಹಾಕಿ ಒಳಗೆ ನಡೆದಳು.

ಗಂಡಸರು ಮಣ್ಣು ಮಾಡಿ ಬರುವಷ್ಟರಲ್ಲಿ ನೆರೆಮನೆಗಳಿಂದ ಊಟದ ಹರಿವಾಣಗಳು ಬಂದವು. ಹೆಂಗಸರು ಆರಾರು ಮಂದಿ ಒಂದೊಂದು ಹರಿವಾಣದ ಸುತ್ತ ಕೂತರು. ನೀರು ಕೊಡುತ್ತ ಓಡಾಡುತ್ತಿದ್ದ ರಿಹಾಬಳ ಸೆರಗನ್ನು ಕಲ್ತೂಮಾ ಹಿಡಿದು ಜಗ್ಗಿದಳು; ಮೊಣಕಾಲು ಸರಿಸಿ ಪಕ್ಕದಲ್ಲಿ ಜಾಗ ಮಾಡಿದಳು. ರಿಹಾಬ್ ಕೂತಳು.

ಉಳಿದವರು ಉಂಡು, ಕೈ ತೊಳೆಯಲು ಎದ್ದರು. ಹರಿವಾಣದ ಮುಂದೆ ಇಬ್ಬರೇ ಉಳಿದರು. ಕಲ್ತೂಮಾ ತುತ್ತು ಮುಟ್ಟಿರಲಿಲ್ಲ. ಮುದ್ದೆ ಉಳಿದಿದ್ದ ಕಡೆಯನ್ನು ರಿಹಾಬಳತ್ತ ತಿರುಗಿಸಿದಳು.

“ಉಣ್ಣು.”

ರಿಹಾಬ್ ಮುರಿದು ಬಾಯಿಗಿಟ್ಟಳು. ನುಂಗಿದಳು. ಮತ್ತೆ ಮುರಿದಳು. ಕಲ್ತೂಮಾ ಗಲ್ಲಕ್ಕೆ ಕೈಯಾನಿಸಿಕೊಂಡು, ಹರಿವಾಣ ಬರಿದಾಗುವವರೆಗೆ, ಅವಳ ಬಾಯನ್ನೇ ನೋಡುತ್ತ ಕೂತಿದ್ದಳು.