ಅವನು ಬಿಗಿದಿಟ್ಟ ಅಳತೆ

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗ್ಗೆ ಮುಖ ತೊಳೆಯುವಾಗ ಅವಳ ಬೆರಳು ಎಡ ದವಡೆಯ ಕೆಳಗಿನ ಗಂಟಿಗೆ ತಾಕಿತು. ಕೆಮ್ಮು ಬಂತು. ಸಾವಿನ ಗದ್ದಲದಲ್ಲಿ ಅದರ ನೆನಪೇ ಇರಲಿಲ್ಲ.

ಅದನ್ನು ಮೊದಲು ಕಂಡುಹಿಡಿದವನು ಗಂಡ. ಯಂತ್ರ ರಿಪೇರಿ ಮಾಡುವವನು. ಅಳೆಯದೆ ಯಾವುದನ್ನೂ ನಂಬುವವನಲ್ಲ. ಒತ್ತಿದರೆ ಅವಳು ಕೆಮ್ಮುವುದನ್ನು ಕಂಡು, "ನಿನ್ನ ಹಾರ್ನ್ ಸ್ವಿಚ್ಚು ಸಿಕ್ತು ಕಣೇ" ಎಂದು ನಕ್ಕಿದ್ದ. ಮಾರನೆಯ ದಿನ ಲೇತ್ ಅಂಗಡಿಯವರಿಂದ ದಪ್ಪ ಅಳೆಯುವ ವರ್ನಿಯರ್ ಎರವಲು ತಂದು, ಅದರ ತಣ್ಣನೆಯ ಉಕ್ಕಿನ ಬಾಯಿಯಲ್ಲಿ ಗಂಟನ್ನು ಹಿಡಿದು, ಅಳತೆ ಜಾರದಂತೆ ತಿರುಪು ಬಿಗಿದ.

"ಮುಂದಿನ ತಿಂಗಳು ಇದ್ರಲ್ಲಿ ತೂರದಿದ್ರೆ ಡಾಕ್ಟರ ಹತ್ರ. ಚೌಕಾಸಿ ಇಲ್ಲ."

ಮುಂದಿನ ತಿಂಗಳಿಗೆ ಅವನೇ ಇರಲಿಲ್ಲ. ರಸ್ತೆಯ ತಿರುವೊಂದರಲ್ಲಿ ಲಾರಿ ಬಂದಿತ್ತು.

ಗಂಟಿನ ವಿಷಯ ತಿಳಿದ ಅವನ ಅಕ್ಕ ಫೋನಿನಲ್ಲಿ ಬಿಡಲಿಲ್ಲ. "ನೀನಾಗೇ ಹೋಗ್ತೀಯೋ, ಕುತ್ತಿಗೆ ಹಿಡಿದು ಕರ್ಕೊಂಡ್ಹೋಗ್ಲೋ?"

ಶಸ್ತ್ರವೈದ್ಯೆ ಗಂಟನ್ನು ತಳ್ಳಿ ನೋಡಿದರು. ಅಕ್ಕಪಕ್ಕಕ್ಕೆ ಸರಿಯಿತು, ಮೇಲೆ ಕೆಳಗೆ ಕದಲಲಿಲ್ಲ. ಸ್ಕ್ಯಾನ್ ಬಂದ ಮೇಲೆ ಹೇಳಿದರು: "ನರದ ಹೊದಿಕೆಯಲ್ಲಿ ಬೆಳೆದ ಗಂಟು ಕಣಮ್ಮ. ಅಪರೂಪದ್ದು, ಆದ್ರೆ ಕ್ಯಾನ್ಸರ್ ಅಂತ ಕಾಣಲ್ಲ. ತೆಗೆದ್ರೆ ಧ್ವನಿ ಕೆಡಬಹುದು. ಬೆಳೀದಿದ್ರೆ ಹಾಗೇ ಬಿಡೋಣ. ಬೆಳೀತಿದ್ರೆ ತೆಗೆಯೋದೇ ಮೇಲು. ಮೊದ್ಲು ಎಷ್ಟಿತ್ತು, ಗೊತ್ತಿರೋರು ಯಾರಾದ್ರೂ ಇದ್ದಾರಾ?"

"ಇದ್ರು."

ಬೆಳೆದಿರದಿರಲಿ ಎಂದುಕೊಂಡಳು. ಅವನ ಬೆರಳು ಕೊನೆಗೆ ಹುಡುಕಿದ ಜಾಗ ಅದು, ಇದ್ದಲ್ಲೇ ಇರಲಿ. ಮರುದಿನ ವರ್ನಿಯರನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದಳು.

"ಇಂಥ ರಿಪೋರ್ಟ್ ಯಾರೂ ತಂದಿರ್ಲಿಲ್ಲ ನೋಡು" ಎಂದು ವೈದ್ಯೆ ತಿರುಪಿಗೆ ಕೈ ಹಾಕಿದರು.

"ಅದನ್ನ ತಿರುಗಿಸ್ಬೇಡಿ!"

ಅಷ್ಟು ಗಟ್ಟಿಯಾಗಿ ಅವಳು ಮಾತಾಡಿ ಎಷ್ಟೋ ದಿನವಾಗಿತ್ತು. ಉಕ್ಕು ಕುತ್ತಿಗೆಗೆ ತಾಕಿತು. ಉಸಿರು ಬಿಗಿಹಿಡಿದಳು, ಉಸಿರಿನ ಜೊತೆ ಗಂಟೂ ಕುಗ್ಗೀತು ಎಂಬಂತೆ. ಗಂಟು ಅದರಲ್ಲಿ ತೂರಲಿಲ್ಲ.

"ಚರ್ಮದ ಮೇಲಿನ ಅಳತೆ. ಪೂರ್ತಿ ನಂಬೋಕಾಗಲ್ಲ" ಎಂದರು ವೈದ್ಯೆ. "ಅಳೆದ ಕೈ ತಪ್ಪಿರಬಹುದು."

ಹೌದು ಎಂದುಬಿಡಬಹುದಿತ್ತು.

"ಆ ಕೈ ತಪ್ಪಲ್ಲ ಮೇಡಂ. ತೆಗೀರಿ."

ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ನರ ಉಳಿಸಿ ಗಂಟು ತೆಗೆದರು. ಪರೀಕ್ಷೆಯಲ್ಲೂ ನಿರಪಾಯ ಎಂದೇ ಬಂತು. ಧ್ವನಿ ಮಾತ್ರ ಒಡೆದಿತ್ತು; ಮೆಲ್ಲಗೆ ಮರಳುತ್ತದೆ ಎಂದಿದ್ದರು. ಮರಳುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮನೆಯಲ್ಲಿ ಮಾತಿಗೆ ಯಾರೂ ಇರಲಿಲ್ಲ. ಸೋಪಿನ ಪುಡಿಯ ಪೊಟ್ಟಣದ ಮೇಲಿನ ಬರಹವನ್ನು ಗಟ್ಟಿಯಾಗಿ ಓದುತ್ತಿದ್ದಳು.

ಹೊಲಿಗೆ ಬಿಚ್ಚಿದ ವಾರ ಲೇತ್ ಅಂಗಡಿಗೆ ಹೋಗಿ, ವರ್ನಿಯರ್ ವಾಪಸ್ ತಂದಿದ್ದೇನೆ ಎಂದಳು.

"ಅಯ್ಯೋ ತಾಯಿ, ಇದಕ್ಕೋಸ್ಕರ ಬಂದ್ರಾ? ಒಯ್ದೋರಲ್ಲಿ ವಾಪಸ್ ಕೊಟ್ಟೋರು ನೀವೊಬ್ರೇ. ಗಂಟಲು ಯಾಕೆ ಕಟ್ಟಿದೆ?"

"ಶೀತ."

"ತಿರುಪು ಬಿಗಿದೇ ಇದೆಯಲ್ಲ. ಈ ಅಳತೆ ಬೇಕಿತ್ತಾ?"

"ಇಲ್ಲ. ಇರಿ, ನಾನೇ ಬಿಚ್ಚಿಕೊಡ್ತೀನಿ."

ಬಲವಾಗಿ ಬಿಗಿದಿದ್ದ. ಮೊದಲ ಸಲ ಬೆರಳು ಜಾರಿತು. ಸೆರಗಿನ ತುದಿ ಹಿಡಿದು ಮತ್ತೆ ತಿರುಗಿಸಿದಳು. ತಿರುಪು ಸಡಿಲವಾಯಿತು. ಉಕ್ಕಿನ ಬಾಯಿಯನ್ನು ಪೂರ್ತಿ ಮುಚ್ಚಿ, ಅಂಗಡಿಯವರ ಎಣ್ಣೆಗೈಗೆ ಕೊಟ್ಟಳು.