ಗೀಟು ಬೀಳದ ನಂಬರು

ಮೊದಲ ಏಟು ಕಂಪ್ಯೂಟರಿಗೆ ಬಿತ್ತು. ಎರಡನೆಯದು ಟೋಕನ್ ಗುಮಾಸ್ತ ಶಿವರಾಮುವಿನ ಭುಜಕ್ಕೆ.

ಹಲಗೂರಿನಾಚೆಯ ಸಕ್ಕರೆ ಕಾರ್ಖಾನೆಯಲ್ಲಿ, ಕಬ್ಬಿನ ಗಾಡಿಗಳ ಸರದಿ ಗೊತ್ತುಮಾಡುವ ಟೋಕನ್ ಕೋಣೆಯಲ್ಲಿ ನಾಲ್ಕು ಜನ ನಿಂತರೇ ಉಸಿರು ಕಟ್ಟುತ್ತದೆ. ಈಗ ಹತ್ತು ಹನ್ನೆರಡು ಟ್ರ್ಯಾಕ್ಟರ್ ಡ್ರೈವರುಗಳು ಬಾಗಿಲು ಮುರಿದುಕೊಂಡು ಒಳಗೆ ನುಗ್ಗಿದ್ದರು. ಎಲ್ಲರಿಗಿಂತ ಮುಂದೆ ನಿಡಘಟ್ಟದ ಪುನೀತ್. ಸರದಿ ಕಾಯುತ್ತಾ ಎರಡು ದಿನದಿಂದ ಕಬ್ಬಿನ ಲೋಡಿನ ಕೆಳಗೇ ಬಿದ್ದುಕೊಂಡಿದ್ದು ಅವನ ಕಣ್ಣುಗಳು ಕೆಂಪಾಗಿದ್ದವು. ಕೈಯಲ್ಲಿ ಟ್ರೈಲರಿನ ಕೊಂಡಿಗೆ ಹಾಕುವ ಕಬ್ಬಿಣದ ಪಿನ್ನಿತ್ತು.

"ಯಾಕ್ಲಾ ಲಿಸ್ಟ್ ಅಳುಸ್ದೆ? ನಿನ್ ಬಾಮೈದನ್ ಗಾಡಿ ಮುಂದುಕ್ ಬುಡಾಕಾ?"

"ನಾನ್ ಅಳುಸ್ಲಿಲ್ಲ ಕಣಣ್ಣ. ಕರೆಂಟ್ ಓಯ್ತು, ಬಂತು. ನೋಡುದ್ರೆ ಎಲ್ಲಾ ಖಾಲಿ..."

"ಕರೆಂಟು ಯಾವಾಗ್ಲೂ ಓಯ್ತದೆ. ಇವತ್ತೇ ಯಾಕ್ಲಾ ಖಾಲಿ ಆಯ್ತು?"

ನ್ಯಾಯವಾದ ಪ್ರಶ್ನೆಯೇ. ಉತ್ತರ ಗೊತ್ತಿದ್ದವಳು ಅಲ್ಲಿ ಒಬ್ಬಳೇ. ಕಾರ್ಖಾನೆಯ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವ ಮಂಜುಶ್ರೀ, ತಿಂಗಳ ಹಿಂದೆಯೇ ಸತ್ತಿದ್ದ ಯುಪಿಎಸ್ ಬ್ಯಾಟರಿಗಳಿಗೆ ಬೆನ್ನು ಒತ್ತಿಕೊಂಡು ಮೂಲೆಯಲ್ಲಿ ನಿಂತಿದ್ದಳು.

ಆ ಕಂಪ್ಯೂಟರಿಗೆ ಒಂದು ಒಳ್ಳೆಯ ಚಾಳಿಯಿತ್ತು. ಡಿಸ್ಕಿನಲ್ಲಿ ಏನನ್ನಾದರೂ ಬದಲಿಸುವ ಮೊದಲು, ಇಂಥದ್ದನ್ನು ಮಾಡುತ್ತೇನೆ ಎಂದು ಅದು ಒಂದು ಪಕ್ಕದ ಜಾಗದಲ್ಲಿ ಬರೆದಿಟ್ಟುಕೊಳ್ಳುತ್ತಿತ್ತು. ಅದಕ್ಕೆ ಜರ್ನಲ್ ಎನ್ನುತ್ತಾರೆ. ನಡುವೆ ಕರೆಂಟು ಹೋದರೆ, ಮತ್ತೆ ಎದ್ದಾಗ ಜರ್ನಲ್ ನೋಡಿ, ಅರ್ಧ ಉಳಿದ ಕೆಲಸವನ್ನು ಸರಿಮಾಡಿಕೊಳ್ಳುತ್ತಿತ್ತು. ಒಮ್ಮೆ ಮಂಜುಶ್ರೀಯಿಂದ ಇದನ್ನು ಕೇಳಿ, ಗೇಟು ಕಾಯುವ ಮುದುಕ ಚಿಕ್ಕಬೋರಯ್ಯ ಬೊಚ್ಚುಬಾಯಿ ಬಿಟ್ಟು ನಕ್ಕಿದ್ದ. "ಇಷ್ಟೇಯಾ? ಇದ್ನ ಸೀಮೆಸುಣ್ಣದಾಗೆ ನಾನ್ ಇಪ್ಪತ್ ವರ್ಸ ಮಾಡಿವ್ನಿ ಕಣವ್ವ."

ನಿಜವೇ. ಗಾಡಿಯನ್ನು ಬಿಡಲು ಗೇಟಿನ ಚೈನು ಇಳಿಸುವ ಮೊದಲು ಅವನು ಗಾಡಿಯ ನಂಬರನ್ನು ಗೋಡೆಯ ಮೇಲೆ ಬರೆಯುತ್ತಿದ್ದ. ಗಾಡಿ ಕೆಲಸ ಮುಗಿಸಿ ಬಂದಾಗ ಆ ನಂಬರಿನ ಮೇಲೆ ಗೀಟು ಎಳೆಯುತ್ತಿದ್ದ. ಗೀಟಿಲ್ಲ ಎಂದರೆ ಕೆಲಸ ಮುಗಿದಿಲ್ಲ ಎಂದು ಲೆಕ್ಕ. ಕಂಪ್ಯೂಟರು ಬಂದ ಮೇಲೆ ಆ ಗೋಡೆಗೆ ಸುಣ್ಣ ಹೊಡೆಸಿ, ಇನ್ನು ಬರೆಯಬೇಡ ಎಂದಿದ್ದರು. ಡ್ರೈವರುಗಳಿಗೆ ಕೊಡುತ್ತಿದ್ದ ಸರದಿಯ ಚೀಟಿಯೂ ನಿಂತಿತ್ತು. ಗಾಡಿಗಳು ಯಾರ್ಡಿನಲ್ಲಿ ಸಿಕ್ಕಸಿಕ್ಕಲ್ಲಿ ನಿಲ್ಲುತ್ತಿದ್ದವು. ಯಾರ ಸರದಿ ಎಂಬುದು ಕಂಪ್ಯೂಟರಿನ ಲಿಸ್ಟಿನಿಂದ ಬೋರ್ಡಿನ ಮೇಲೆ ಬರುತ್ತಿತ್ತು.

ಆದರೆ ಹಳೇ ಡಿಸ್ಕು. ಎಲ್ಲವನ್ನೂ ಎರಡೆರಡು ಸಲ ಬರೆಯುವಷ್ಟರಲ್ಲಿ ಒಂದೊಂದು ಗಾಡಿಗೂ ಮುಕ್ಕಾಲು ನಿಮಿಷ ಹಿಡಿಯುತ್ತಿತ್ತು. ಡ್ರೈವರುಗಳು ಕಿಟಕಿಯಲ್ಲಿ ನಿಂತು ಶಿವರಾಮುವಿನ ಅಮ್ಮ ಅಕ್ಕಂದಿರನ್ನೆಲ್ಲ ಬಯ್ಯುತ್ತಿದ್ದರು. "ಅಕ್ಕ, ಏನಾರ ಮಾಡಕ್ಕ, ಕಿವಿ ಮುಚ್ಕಂಡ್ ಕೆಲ್ಸ ಮಾಡಂಗಾಗದೆ" ಎಂದು ಅವನು ಅಂಗಲಾಚಿದ್ದ. ಹತ್ತು ದಿನದ ಹಿಂದೆ ಮಂಜುಶ್ರೀ ಜರ್ನಲ್ ಆಫ್ ಮಾಡಿದಳು. ಯಾರಿಗೂ ಹೇಳಲಿಲ್ಲ, ಶಿವರಾಮುವಿಗೂ. ಗಾಡಿಗಳು ಸರಸರನೆ ಒಳಗೆ ಬರತೊಡಗಿದವು. ಕಂಪ್ಯೂಟರು ಚುರುಕಾದ ಖುಷಿಗೆ ಇದೇ ಪುನೀತ್ ಅವಳ ಸ್ಕೂಟರಿನ ಮೇಲೆ ಒಂದು ಹೊರೆ ಕಬ್ಬು ಇಟ್ಟುಹೋಗಿದ್ದ. ಆಮೇಲೆ ನಾಲ್ಕು ಸಲ ಕರೆಂಟು ಹೋಯಿತು, ಏನೂ ಆಗಲಿಲ್ಲ. ಅವಳಿಗೂ ಧೈರ್ಯ ಬಂದುಬಿಟ್ಟಿತು. ಐದನೆಯ ಸಲ, ಇವತ್ತು ಮಧ್ಯಾಹ್ನ, ಇಡೀ ಲಿಸ್ಟು ಹೋಯಿತು.

"ಬಾಯ್ ಬುಡ್ಲಾ!" ಮೂರನೆಯ ಏಟು ಶಿವರಾಮುವಿನ ಮೊಣಕೈಗೆ ಬಿತ್ತು. ಹಸಿ ಜಲ್ಲೆ ಮುರಿದಂಥ ಸದ್ದು. ಅವನು ಕಿರುಚಿಕೊಂಡು ಮೇಜಿನ ಕೆಳಗೆ ನುಸುಳಿದ. ಕಾಲು ಹಿಡಿದು ಎಳೆದರು. ಒಬ್ಬ ಎದೆಗೆ ಒದ್ದ, ಒಬ್ಬ ಮುಖ ತುಳಿದ. ಏನಾಗಿದೆ ಎಂದೂ ಗೊತ್ತಿಲ್ಲದ ಹಿಂದಿನವರು, ಕೈ ಎಟುಕದೆ, ಕಬ್ಬಿನ ಜಲ್ಲೆಗಳಲ್ಲಿ ತಲೆಗಳ ಮೇಲಿಂದ ಬೀಸುತ್ತಿದ್ದರು. ಗೋಡೆಗೆ ರಕ್ತ ಹಾರಿತು. ನೆಲದ ಮೇಲೆ ಅವನ ಮೊಬೈಲು ಗುಂಯ್‌ಗುಟ್ಟುತ್ತಾ ತಿರುಗುತ್ತಿತ್ತು. ಒಡೆದ ಗಾಜಿನಲ್ಲಿ ಅವನ ಹೆಂಡತಿಯ ಹೆಸರು, ವೀಣ.

ನಾನೇ ಮಾಡಿದ್ದು ಎನ್ನಬೇಕು. ಎರಡೇ ಮಾತು. ಮಂಜುಶ್ರೀ ಬಾಯಿ ತೆರೆದಳು. ಪಿನ್ನು ಕಂಡಿತು, ಬಾಯಿ ಮುಚ್ಚಿತು. ರಕ್ತ ತುಂಬಿದ ಬಾಯಲ್ಲಿ ಶಿವರಾಮು ಅವಳ ಕಡೆ ತಿರುಗಿ, "ಅಕ್ಕ, ನೀನಾರ ಹೇಳಕ್ಕ" ಎಂದ. ಅಷ್ಟರಲ್ಲಿ ಪಿನ್ನು ಅವನ ತಲೆಯ ಮೇಲೆ ಇಳಿಯಿತು.

ಆಮೇಲೆ ಅವಳು ಕೂಗಿದಳು. "ಬುಡ್ರೋ! ಸತ್ತೋಯ್ತಾನೆ, ಬುಡ್ರೋ!" ಎಂದಳೇ ಹೊರತು, ಆ ಎರಡು ಮಾತು ಆಗಲೂ ಬರಲಿಲ್ಲ. ತನ್ನ ಮೇಲೆ ತನಗೇ ಅಷ್ಟು ಅಸಹ್ಯ ಅವಳಿಗೆ ಎಂದೂ ಆಗಿರಲಿಲ್ಲ.

ಶಿವರಾಮು ಅಲುಗಾಡುವುದು ನಿಂತಾಗ ಹಿಂದಿನವರು ಒಬ್ಬೊಬ್ಬರೇ ಜಾರಿಕೊಂಡರು. ಉಳಿದವರು ಅವನನ್ನು ಹೊತ್ತು ಕಾರ್ಖಾನೆಯ ಜೀಪಿನಲ್ಲಿ ಹಾಕಿದರು. ಗೇಟಿನಲ್ಲಿ ಜೀಪು ನಿಂತಿತು. ಚಿಕ್ಕಬೋರಯ್ಯ ಚೈನು ಇಳಿಸದೆ, ಜೇಬಿನಿಂದ ಸೀಮೆಸುಣ್ಣದ ತುಂಡು ತೆಗೆದು, ಬಿಳಿಯಾಗಿದ್ದ ಗೋಡೆಯ ಕೆಳಗಿನ ಕಪ್ಪು ಪಟ್ಟಿಯ ಮೇಲೆ ಬಗ್ಗಿ ಜೀಪಿನ ನಂಬರು ಬರೆಯತೊಡಗಿದ.

"ತಾತ, ಜೀವ ಓಯ್ತದೆ! ಮೊದ್ಲು ಚೈನ್ ಇಳ್ಸು!" ಮಂಜುಶ್ರೀ ಓಡಿಬಂದು ಅವನ ತೋಳು ಹಿಡಿದು ಜಗ್ಗಿದಳು.

"ಬರೀದೆ ಬುಟ್ಟಿದ್ಕೇ ಕಣವ್ವ ಇಷ್ಟೆಲ್ಲಾ ಆಗಿದ್ದು" ಎಂದ ಮುದುಕ. ಅವನಿಗೆ ಏನೂ ಗೊತ್ತಿರಲಿಲ್ಲ. ತನ್ನ ಗೋಡೆಯ ಮಾತು ಆಡಿದ್ದನಷ್ಟೆ. ಅವಳ ಕೈ ತಾನಾಗಿಯೇ ಸಡಿಲವಾಯಿತು. ನಾಲ್ಕು ಅಂಕಿ ಬರೆದು ಅವನು ಚೈನು ಇಳಿಸಿದ. ಜೀಪು ಮಳವಳ್ಳಿಯ ಕಡೆ ಹೋಯಿತು.

ಒಂದು ಗಂಟೆಯ ಮೇಲೆ, ಗೇಟಿನಲ್ಲೇ ಉಳಿದಿದ್ದ ಮಂಜುಶ್ರೀಗೆ ಮ್ಯಾನೇಜರು ಫೋನು ಮಾಡಿದರು. ಮಳವಳ್ಳಿಯಲ್ಲಿ ಆಗುವುದಿಲ್ಲವೆಂದು ಮಂಡ್ಯಕ್ಕೆ ಸಾಗಿಸುತ್ತಿದ್ದಾರೆ, ಇನ್ನೂ ಪ್ರಜ್ಞೆ ಬಂದಿಲ್ಲ ಎಂದರು. "ಪೊಲೀಸರು ಕೇಳಿದರೆ ಕರೆಂಟು ಹೋಯಿತು ಅಂತ ಮಾತ್ರ ಹೇಳಮ್ಮ. ಮಿಕ್ಕಿದ್ದು ನಿನಗೆ ಗೊತ್ತಿಲ್ಲ."

ಪೊಲೀಸರು ಆಗಲೇ ಬಂದಿದ್ದರು. ಬೇವಿನ ಮರದ ಕೆಳಗೆ ಪುನೀತ್ ಕುಕ್ಕರುಗಾಲಿನಲ್ಲಿ ಕೂತು ಅಳುತ್ತಿದ್ದ. "ಅವ್ನು ಅಳುಸ್ದ ಸಾ. ಬೇಕಂತ್ಲೇ ಅಳುಸ್ದ. ಅದ್ಕೇ ಒಡ್ದೆ." ಕಾನ್‌ಸ್ಟೇಬಲ್ ತಲೆಯಾಡಿಸುತ್ತಾ ಬರೆದುಕೊಳ್ಳುತ್ತಿದ್ದ. ಶಿವರಾಮು ಸತ್ತರೆ ಕಳ್ಳನಾಗಿ ಸಾಯುತ್ತಾನೆ. ಬದುಕಿದರೆ ಕಳ್ಳನಾಗಿ ಬದುಕುತ್ತಾನೆ.

ಮಂಜುಶ್ರೀ ಆ ಕಡೆ ಹೆಜ್ಜೆಯಿಟ್ಟಳು. ಮರಕ್ಕೆ ಇಪ್ಪತ್ತು ಮಾರು ದೂರ. ಅಷ್ಟು ದೂರ ನಡೆಯುವಷ್ಟರಲ್ಲಿ ಬಾಯಿ ಮತ್ತೆ ಮುಚ್ಚಿಕೊಳ್ಳುತ್ತದೆ ಎಂದು ಅವಳಿಗೆ ಗೊತ್ತಿತ್ತು. ವಾಪಸ್ಸು ಬಂದು ಮುದುಕನ ಮುಂದೆ ಕೈ ಚಾಚಿದಳು.

"ತಾತ, ಸೀಮೆಸುಣ್ಣ ಕೊಡು."

ಜೀಪಿನ ನಂಬರಿನ ಕೆಳಗೆ ಮಂಡಿಯೂರಿ, ಜರ್ನಲ್ ಆಫ್ ಮಾಡಿದ್ದು ನಾನು ಎಂದು ಬರೆದಳು. ಕೆಳಗೆ ತನ್ನ ಹೆಸರು ಬರೆದಳು.

ಅಂಕಿಯಷ್ಟೇ ಓದಲು ಬರುತ್ತಿದ್ದ ಚಿಕ್ಕಬೋರಯ್ಯ ಬಗ್ಗಿ ನೋಡಿದ. "ಏನವ್ವ ಬರ್ದೆ?"

"ಇನ್ನೂ ಮಾಡಿಲ್ಲ ತಾತ. ಮಾಡೋಕ್ ಓಯ್ತಾ ಇವ್ನಿ."

ಅವಳು ಪೊಲೀಸರಿದ್ದ ಬೇವಿನ ಮರದ ಕಡೆ ನಡೆದಳು. ಮುದುಕ ಸೀಮೆಸುಣ್ಣದ ಚೂರನ್ನು ಕಿವಿಗೆ ಸಿಕ್ಕಿಸಿಕೊಂಡು, ಜೀಪಿನ ನಂಬರು, ಅವಳ ಸಾಲು, ಇನ್ನೂ ಗೀಟು ಎಳೆಯಬೇಕಾದ ಆ ಎರಡರ ಪಕ್ಕ, ಗೋಡೆಗೆ ಒರಗಿ ಕೂತ.